ಕೆಚ್ಚಿರುವವನನ್ನೇ ಕಾಪಾಡಬೇಕಾಗಿದೆ

ನ್ಯೂಜೆರ್ಸಿಯಿಂದ ಬರೆದ ಓದುಗರೇ,

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್ ‘ಬಳೆ ತೊಟ್ಟುಕೊಂಡಿದೆ’ ಎಂದು ಬರೆದಿದ್ದೀರಿ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮೈ ಸೋಕಿದರೂ ದಂಡ, ತಲೆ ತಗ್ಗಿಸಿ ನುಗ್ಗಿದರೂ ದಂಡ. ಎಪ್ಪತ್ತರ ದಶಕದ ಓಕ್ಲೆಂಡ್ ರೈಡರ್ಸ್ ತಂಡದ ಕೆಚ್ಚು ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಆ ತಂಡದ ಹೆಸರನ್ನು ನೀವೇ ಎತ್ತಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

1978ರ ಆಗಸ್ಟ್ 12. ಲೀಗ್ ಇನ್ನೂ ಆರಂಭವಾಗಿರಲಿಲ್ಲ, ಅದು ಪೂರ್ವಸಿದ್ಧತೆಯ ಪಂದ್ಯ. ನ್ಯೂ ಇಂಗ್ಲೆಂಡ್ ತಂಡದ ಡ್ಯಾರಿಲ್ ಸ್ಟಿಂಗ್ಲಿ ಕೈಗೆಟುಕದ ಚೆಂಡಿಗಾಗಿ ಮೈಚಾಚಿದಾಗ ರೈಡರ್ಸ್‌ನ ಜ್ಯಾಕ್ ಟೇಟಮ್ ಎದುರಿನಿಂದ ಬಂದು ಅಪ್ಪಳಿಸಿದರು. 26 ವರ್ಷದ ಸ್ಟಿಂಗ್ಲಿಯ ಕುತ್ತಿಗೆ ಮುರಿಯಿತು. 2007ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಗಾಲಿಕುರ್ಚಿಯಲ್ಲೇ ಕಳೆಯಿತು. ತಪ್ಪಾಟಕ್ಕೆ ದಂಡ ಹಾಕುವಾಗ ಎಸೆಯುವ ಬಾವುಟವನ್ನು ರೆಫರಿ ಎಸೆಯಲಿಲ್ಲ. ಅಂದಿನ ನಿಯಮದ ಪ್ರಕಾರ ಅದು ತಪ್ಪೇ ಆಗಿರಲಿಲ್ಲ.

ಮೊಣಕಾಲು ಊದಿದ್ದರೂ, ಬೆರಳು ಮುರಿದಿದ್ದರೂ ಹಲ್ಲುಕಚ್ಚಿ ಆಡುವವನ ಬಗ್ಗೆ ನಿಮ್ಮಷ್ಟೇ ಗೌರವ ನನಗೂ ಇದೆ. ಅವನ ನೋವು ಎಷ್ಟೆಂಬುದು ಅವನಿಗೆ ಗೊತ್ತು. ಮಿದುಳಿನ ಪೆಟ್ಟು ಹಾಗಲ್ಲ. ‘ಆಡಬಲ್ಲೆಯಾ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪೆಟ್ಟು ತಿಂದ ಆ ಮಿದುಳೇ. ಕೆಚ್ಚಿನ ಆಟಗಾರನಾದರಂತೂ ‘ಇಲ್ಲ’ ಎನ್ನುವುದೇ ಇಲ್ಲ.

2022ರ ಸೆಪ್ಟೆಂಬರ್ 25ರ ಮಯಾಮಿ ಪಂದ್ಯವನ್ನು ನೀವೂ ನೋಡಿರಬೇಕು. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ಅವರ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಎದ್ದರು, ತಲೆ ಕೊಡವಿದರು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ಸೋತು ಕುಸಿದರು. ಬೆನ್ನುನೋವು ಎಂದರು. ವಿರಾಮದ ನಂತರ ಮತ್ತೆ ಮೈದಾನಕ್ಕಿಳಿದರು. ನಾಲ್ಕೇ ದಿನಗಳ ಬಳಿಕ ಸಿನ್ಸಿನಾಟಿಯಲ್ಲಿ ಇನ್ನೊಂದು ಹೊಡೆತ. ಮಲಗಿದ್ದ ಅವರ ಕೈಬೆರಳುಗಳು ಮುಖದ ಮುಂದೆ ಸೆಟೆದು, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಚಿಕೊಂಡು ನಿಂತವು. ನಾನು ಟಿವಿ ಆರಿಸಿಬಿಟ್ಟೆ. ನಡಿಗೆಯಲ್ಲಿ ಸಮತೋಲನ ತಪ್ಪಿದವನನ್ನು ಆ ದಿನ ಮರಳಿ ಇಳಿಸಬಾರದು ಎಂಬ ನಿಯಮ ಬಂದದ್ದು ಆ ಅಕ್ಟೋಬರ್‌ನಲ್ಲಿ. ಅದು ಆಟವನ್ನು ಮೆತ್ತಗೆ ಮಾಡಿತೆಂದು ನನಗೆ ಅನಿಸುವುದಿಲ್ಲ.

ಪಿಟ್ಸ್‌ಬರ್ಗ್‌ನ ಮೈಕ್ ವೆಬ್‌ಸ್ಟರ್ ಅವರಿಗಿಂತ ಗಟ್ಟಿ ಆಳನ್ನು ನೀವು ತೋರಿಸಲಾರಿರಿ. 17 ಋತು, ಲೀಗ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ನಾಲ್ಕು ಗೆಲುವು, ‘ಉಕ್ಕಿನ ಮೈಕ್’ ಎಂಬ ಬಿರುದು. ಕೊನೆಗಾಲದಲ್ಲಿ ಅವರು ತಮ್ಮ ಟ್ರಕ್ಕಿನಲ್ಲೇ ಮಲಗಿದ ದಿನಗಳಿದ್ದವು. 2002ರಲ್ಲಿ, 50ನೇ ವಯಸ್ಸಿಗೇ ಹೋದರು. ಅವರ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು ಅವರಿಗೆ ಕಂಡದ್ದು, ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಹುಟ್ಟುವ ಸಿಟಿಇ ಎಂಬ ಕಾಯಿಲೆ.

ನೀವು ಮನಸಾರೆ ಹೊಗಳಿರುವ ಉದ್ದನೆಯ ಪಾಸ್ ಕೂಡ ಸುರಕ್ಷತೆಯ ಕೂಸೇ. 1905ರಲ್ಲಿ ಮೈದಾನದ ಸಾವುಗಳು ಹೆಚ್ಚಿದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿದರು. ಆಟಗಾರರು ಗುಂಪಾಗಿ ಡಿಕ್ಕಿಯಾಗುವುದು ತಗ್ಗಲೆಂದು ಮರುವರ್ಷವೇ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು.

ಒಂದು ಮಾತಿನಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. 2022ರಲ್ಲಿ ಟ್ಯಾಂಪಾ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯವರನ್ನು ಅಟ್ಲಾಂಟಾ ತಂಡದ ಗ್ರೇಡಿ ಜ್ಯಾರೆಟ್ ಕೆಡವಿದ್ದಕ್ಕೆ ಬಾವುಟ ಹಾರಿತಲ್ಲ, ಅದು ಶುದ್ಧ ತಪ್ಪು ತೀರ್ಪು. ಜ್ಯಾರೆಟ್ ಚೊಕ್ಕವಾಗಿ ಹಿಡಿದು ಉರುಳಿಸಿದ್ದರು; ಪಂದ್ಯದ ಕೊನೆಯ ನಿಮಿಷಗಳಲ್ಲಿ ಅಟ್ಲಾಂಟಾಕ್ಕೆ ಚೆಂಡು ಮರಳಿ ಸಿಗುವ ಅವಕಾಶವನ್ನೇ ಆ ಬಾವುಟ ಕಸಿದುಕೊಂಡಿತು. ಇಂಥ ದಂಡಗಳನ್ನು ವಿಡಿಯೊ ನೋಡಿ ಹಿಂಪಡೆಯಲು ಅವಕಾಶವಿರಬೇಕು ಎಂಬ ನಿಮ್ಮ ಬೇಡಿಕೆ ನ್ಯಾಯವಾದದ್ದು. ಪತ್ರದ ಆ ಭಾಗಕ್ಕೆ ಕತ್ತರಿ ಹಾಕದೆ, ಈ ಸಂಚಿಕೆಯಲ್ಲೇ ಅಚ್ಚು ಮಾಡಿದ್ದೇವೆ.

– ಸಂಪಾದಕ