ಹಕ್ಕಿಯ ಎದೆಯಲ್ಲಿ ನೀರಿತ್ತು

ಹೋದ ಸಂಚಿಕೆಯಲ್ಲಿ ಯಾರೋ ಬಂದೂಕಿನ ಬಗ್ಗೆ ಕೇಳಿದ್ದಕ್ಕೆ, ಚಿಕ್ಕ ವಯಸ್ಸಿನಲ್ಲಿ ರಾಜಸ್ಥಾನದ ಮರಳುಗಾಡಿನಲ್ಲೂ ಬೇಟೆ ಆಡಿದ್ದೇನೆ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಅದೊಂದೇ ವಿಷಯ. ಕಾಫಿ ಗಿಡದ ಕಸಿ ಬಗ್ಗೆ ಕೇಳಿದವರಿಗೆ ಮುಂದಿನ ತಿಂಗಳು ಬರೆಯುತ್ತೇನೆ.

ನೀವು ಬೇಟೆ ಕಲಿತದ್ದು ಕೊಡಗಿನ ಕಾಡಿನಲ್ಲಿ. ಮರವೇ ಇಲ್ಲದ ಮರಳಿನಲ್ಲಿ ಬೇಟೆ ಹೇಗೆ ಸಾಧ್ಯ?
– ಓದುಗರೊಬ್ಬರು, ನಾಪೋಕ್ಲು

ಮೊದಲ ತಿಂಗಳು ನನಗೂ ಇದೇ ಪ್ರಶ್ನೆ ಇತ್ತು. 1968ರಲ್ಲಿ, ನಾನು ಸೇನೆಯಲ್ಲಿದ್ದಾಗ, ನಮ್ಮ ಪಲ್ಟನ್ನನ್ನು ರಾಜಸ್ಥಾನದ ಜೈಸಲ್ಮೇರ್ ಕಡೆಗೆ ಕಳಿಸಿದರು. ನನಗಾಗ 22 ವರ್ಷ. ಭಾಗಮಂಡಲದ ಹತ್ತಿರದ ಊರಿನವನು ನಾನು. ಜೈಸಲ್ಮೇರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಕಡೆ ಜೋರು ಮಳೆಗಾಲದಲ್ಲಿ ಒಂದೇ ದಿನಕ್ಕೆ ಅದಕ್ಕಿಂತ ಜಾಸ್ತಿ ಬಿದ್ದದ್ದುಂಟು.

ನಮ್ಮಲ್ಲಿ ಬೇಟೆ ಅಂದರೆ ಕಿವಿಯ ಕೆಲಸ. ಹತ್ತು ಮಾರು ಆಚೆ ಏನಿದೆ ಅಂತ ಕಾಣುವುದಿಲ್ಲ. ನಾಯಿ ಬೊಗಳುವ ದನಿ ಬದಲಾಯಿತಾ, ಕಾಡುಕೋಳಿ ಗಾಬರಿಯಿಂದ ಎದ್ದಿತಾ, ಒಣ ಬಿದಿರು ಮುರಿಯಿತಾ ಅಂತ ಕೇಳಿಸಿಕೊಂಡು ನಿಲ್ಲಬೇಕು. ನನ್ನನ್ನು ಮೊದಲ ಸಲ ಕಾಯಲು ನಿಲ್ಲಿಸಿದ ದಿನ ಅಪ್ಪ ಹೇಳಿದ್ದು, "ಕಣ್ಣು ಮುಚ್ಕೊಂಡು ನಿಲ್ಲು, ಆಮೇಲೆ ತೆಗೆಯುವಿಯಂತೆ."

ಮರಳಿನಲ್ಲಿ ಅದು ತಿರುಗುಮುರುಗು. ಅಲ್ಲಿ ಎಲ್ಲವೂ ಕಣ್ಣಿನ ಕೆಲಸ. ನೀವು ಚಿಂಕಾರ ಜಿಂಕೆಯನ್ನು ನೋಡುವ ಮೊದಲು ಅದು ನಿಮ್ಮನ್ನು ನೋಡಿಬಿಟ್ಟಿರುತ್ತದೆ. ಅಡಗಲು ಸಿಗುವುದು ಎಕ್ಕದ ಗಿಡ, ಅಪರೂಪಕ್ಕೆ ಒಂದು ಖೇಜಡಿ ಮರ. ಖೇಜಡಿ ಅಂದರೆ ನಮ್ಮ ಬನ್ನಿ ಮರವೇ. ಅಷ್ಟು ದೂರ ಹೋಗಿ ಬನ್ನಿ ಮರ, ಎಕ್ಕದ ಗಿಡ ನೋಡಿದಾಗ ಊರಿನವರು ಸಿಕ್ಕ ಹಾಗಾಗಿತ್ತು.

ಬೆಳಕು ಹರಿಯುವ ಮೊದಲೇ ದಿಬ್ಬದ ಹಿಂದೆ ಹೋಗಿ ಕುಳಿತುಬಿಡಬೇಕು. ದಿಬ್ಬದ ನೆತ್ತಿಯ ಮೇಲೆ ತಲೆ ಎತ್ತಿದರೆ ಮುಗಿಯಿತು, ಆಕಾಶಕ್ಕೆ ಎದುರಾಗಿ ಕಪ್ಪಗೆ ಕಾಣುತ್ತೀರಿ. ಬೈನಾಕ್ಯುಲರ್ ಹಿಡಿದು ಹತ್ತಿರದಿಂದ ದೂರಕ್ಕೆ, ನಿಧಾನವಾಗಿ, ಗದ್ದೆ ಉಳುವ ಹಾಗೆ ಸಾಲು ಹಿಡಿದು ನೋಡಬೇಕು. ಚಿಂಕಾರದ ಮೈಬಣ್ಣ ಮರಳಿನದೇ ಬಣ್ಣ. ಹಾಗಾಗಿ ಮೊದಲು ಕಾಣುವುದು ಅದಲ್ಲ, ಅದರ ನೆರಳು. ಬೆಳಗಿನ ಎಳೆ ಬಿಸಿಲಿಗೆ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಆಮೇಲೆ ಕಪ್ಪು ಬಾಲ ಪಟಪಟ ಆಡಿದ್ದು ಕಾಣುತ್ತದೆ. ಒಂಬತ್ತು ಗಂಟೆ ದಾಟಿದ ಮೇಲೆ ಬಿಸಿಲುಗುದುರೆ ಏಳುತ್ತದೆ. ಪ್ರಾಣಿಯ ಕಾಲು ಕರಗಿ ಹೋಗಿ ಹೊಟ್ಟೆ ಗಾಳಿಯಲ್ಲಿ ತೇಲುತ್ತದೆ. ದೂರದ ಅಂದಾಜು ತಪ್ಪುವುದೇ ಆಗ. ಇನ್ನೂರು ಗಜ ಅಂದುಕೊಂಡದ್ದು ನಾನೂರು ಇರುತ್ತದೆ.

ಮರಳಿನಲ್ಲಿ ಹೆಜ್ಜೆ ಗುರುತು ನೋಡಿ ಎಷ್ಟು ಹೊತ್ತಿನದು ಅಂತ ಹೇಳಬಹುದಾ ಅಜ್ಜ? ನಾನು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ.
– ವಿದ್ಯಾರ್ಥಿನಿ, ಸೋಮವಾರಪೇಟೆ

ಹೇಳಬಹುದು ಮಗಳೇ. ನನಗೆ ಕಲಿಸಿದವರು ಅಲ್ಲಿನ ಒಬ್ಬ ಮುದುಕರು. ಹೆಜ್ಜೆ ಓದುವವರನ್ನು ಆ ಕಡೆ ಪಗಿ ಅನ್ನುತ್ತಾರೆ. ಕಳವಾದ ಒಂಟೆ ಹುಡುಕುವುದಕ್ಕೂ, ಗಡಿ ದಾಟಿ ಬಂದವರನ್ನು ಹಿಡಿಯುವುದಕ್ಕೂ ಇವರೇ ಬೇಕು. ಗುಜರಾತಿನ ರಣಛೋಡದಾಸ್ ಪಗಿ ಅನ್ನುವವರು 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೇನೆಗೆ ದಾರಿ ತೋರಿಸಿ ಹೆಸರಾದವರು. ನನಗೆ ಕಲಿಸಿದವರಿಗೆ ಅಂಥ ಹೆಸರಿರಲಿಲ್ಲ, ಆದರೆ ಕಣ್ಣು ಅದೇ.

ಅವರು ಹೇಳಿದ ಮೊದಲ ಪಾಠ: ಹೆಜ್ಜೆಯನ್ನು ಸೂರ್ಯನಿಗೂ ನಿನಗೂ ನಡುವೆ ಇಟ್ಟುಕೋ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಗುರುತು ಕಾಣುವುದೇ ಇಲ್ಲ. ಎದುರಿಗಿದ್ದರೆ ಅಂಚಿನ ನೆರಳು ಎದ್ದು ನಿಲ್ಲುತ್ತದೆ. ಬೇಕಾದರೆ ನಾಳೆ ಬೆಳಿಗ್ಗೆ ನಿಮ್ಮ ಕಣದಲ್ಲೇ ಪರೀಕ್ಷೆ ಮಾಡಿ.

ಎರಡನೆಯದು ಹುಳ. ಒಂದು ದಿನ ಚಿಂಕಾರದ ಹೆಜ್ಜೆ ಸಿಕ್ಕಿತು. ಚೂಪಾಗಿ, ಅಚ್ಚು ಹೊಡೆದ ಹಾಗಿತ್ತು. ಈಗಷ್ಟೇ ಹೋಗಿದೆ ಅಂತ ನಾನು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. ಒಂದು ಕಡ್ಡಿಯ ತುದಿಯಿಂದ ಗೊರಸಿನ ಗುರುತಿನ ಒಳಗೆ ತೋರಿಸಿದರು. ಹೊಲಿಗೆ ಹಾಕಿದ ಹಾಗೆ, ಎರಡು ಸಾಲು ಸಣ್ಣ ಚುಕ್ಕೆ. ಕಪ್ಪು ಜೀರುಂಡೆಯೊಂದು ಹೆಜ್ಜೆಯ ಒಂದು ಅಂಚಿನಿಂದ ಇಳಿದು ಇನ್ನೊಂದು ಅಂಚು ಹತ್ತಿ ಹೋಗಿತ್ತು. ಹತ್ತುವ ಕಡೆ ಮರಳು ಸ್ವಲ್ಪ ಜಾರಿತ್ತು. "ಈ ಹುಳ ಓಡಾಡುವುದು ರಾತ್ರಿ. ಹುಳ ಹೆಜ್ಜೆಯ ಮೇಲೆ ನಡೆದಿದೆ. ಅಂದ ಮೇಲೆ ಜಿಂಕೆ ಹೋಗಿದ್ದು ನಿನ್ನೆ" ಅಂದರು. ಹುಳದ ಸಾಲನ್ನು ಗೊರಸು ತುಳಿದು ಮುರಿದಿದ್ದರೆ ಅದು ಇವತ್ತಿನದು. ಇಷ್ಟೇ ಲೆಕ್ಕ, ಆದರೆ ನನಗೆ ಮೈ ಜುಂ ಅಂದಿತ್ತು.

ನಮ್ಮ ಕೆಸರಿನಲ್ಲಿ ಹುಳದ ಬದಲು ನೀರು ಹೇಳುತ್ತದೆ. ಹಂದಿಯ ಹೆಜ್ಜೆಯಲ್ಲಿ ನೀರು ಇನ್ನೂ ಕದಡಿದೆಯಾ, ತಿಳಿಯಾಗಿದೆಯಾ ಅಂತ ನೋಡುತ್ತೇವೆ, ಅಲ್ವಾ? ನೀವು ಓದುವಾಗ ಇದನ್ನೂ ಜೊತೆಗೆ ಇಟ್ಟುಕೊಳ್ಳಿ. ಪುಸ್ತಕ ಹೊರಗೆ ಕರೆದುಕೊಂಡು ಹೋಗುವುದಿಲ್ಲ, ನೀವೇ ಹೋಗಬೇಕು.

ಕಕ್ಕಡ ಮಾಸದ ಮಳೆಯಲ್ಲಿ ನಮ್ಮ ಮನೆಯ ತೋಕಿಗೆ (ಬಂದೂಕಿಗೆ) ತುಕ್ಕು ಹಿಡಿಯುತ್ತದೆ. ಎಷ್ಟು ಎಣ್ಣೆ ಹಾಕಬೇಕು? ಮರಳಿನಲ್ಲಿ ನೀವು ಏನು ಮಾಡುತ್ತಿದ್ದಿರಿ?
– ಓದುಗರೊಬ್ಬರು, ಗೋಣಿಕೊಪ್ಪ

ಇಲ್ಲಿ ಎಣ್ಣೆ ಕಡಿಮೆಯಾದರೆ ತುಕ್ಕು, ಅಲ್ಲಿ ಎಣ್ಣೆ ಜಾಸ್ತಿಯಾದರೆ ತೊಂದರೆ. ಎಣ್ಣೆಗೆ ಮರಳು ಅಂಟಿ ಅರೆಯುವ ಕಲ್ಲಿನ ಹಾಗಾಗುತ್ತದೆ. ಅಲ್ಲಿ ಒಳಭಾಗವನ್ನು ಒರೆಸಿ ಹೆಚ್ಚು ಕಡಿಮೆ ಒಣಗಿಸಿಯೇ ಇಡುತ್ತಿದ್ದೆವು. ನಳಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆವು. ಈಡು ಹೊಡೆಯುವ ಮುಂಚೆ ಅದನ್ನು ಬಿಚ್ಚಲೇಬೇಕು, ನೆನಪಿರಲಿ.

ನಿಮ್ಮ ತೋಕಿಗೆ: ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ವಾರಕ್ಕೊಂದು ಸಲ ತೆಗೆದು, ಖಾಲಿ ಇದೆ ಅಂತ ಎರಡು ಸಲ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುವ ದಿನ ಮಾತ್ರ ಹೊರಗೆ ತೆಗೆಯುವವರಿದ್ದಾರೆ. ಆ ಹೂವಿಗೆ ಅವಮಾನ ಅದು. ಪೂಜೆ ಮಾಡುವ ವಸ್ತುವನ್ನು ವರ್ಷವಿಡೀ ನೋಡಿಕೊಳ್ಳಬೇಕು.

ಸರ್, ನೀವು ಒಂದು ದಿನ ಬೇಟೆ ಬಿಟ್ಟುಬಿಟ್ಟಿರಿ ಅಂತ ಕೇಳಿದ್ದೇನೆ. ಕಾಯಿದೆಗೆ ಹೆದರಿಯಾ? ಇಲ್ಲ ಬೇರೆ ಏನಾದರೂ ನಡೆಯಿತಾ?
– ಶಿಕ್ಷಕರು, ವಿರಾಜಪೇಟೆ

ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಆಮೇಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಕೊಡುವ ಅವಕಾಶ ಅದರಲ್ಲಿತ್ತು. 1991ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದರು. ನಾನು ಬಿಟ್ಟದ್ದು ಎರಡಕ್ಕೂ ಮೊದಲು, 1970ರ ಏಪ್ರಿಲ್‌ನಲ್ಲಿ.

ಮರಳುಗಾಡಿನಲ್ಲಿ ಒಂದು ಹಕ್ಕಿ ಇದೆ. ಅಲ್ಲಿಯವರು ಭಟ್ ತೀತರ್ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಸ್ಯಾಂಡ್‌ಗ್ರೌಸ್. ಪಾರಿವಾಳದಷ್ಟು ದೊಡ್ಡದು. ಒಣ ಬೀಜ ತಿಂದು ಬದುಕುವ ಹಕ್ಕಿ, ಹಾಗಾಗಿ ನೀರು ಬೇಕೇ ಬೇಕು. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಎಲ್ಲೆಲ್ಲಿಂದಲೋ ಗುಂಪು ಗುಂಪಾಗಿ ಹಾರಿ ನೀರಿಗೆ ಬರುತ್ತವೆ. ಬೇಟೆಗಾರರಿಗೆ ಇದು ಗೊತ್ತಿತ್ತು. ಬಿಕಾನೇರಿನ ಮಹಾರಾಜ ಗಂಗಾ ಸಿಂಗ್ ಗಜನೇರ್ ಕೆರೆಯ ದಂಡೆಯಲ್ಲಿ ವೈಸ್‌ರಾಯ್‌ಗಳನ್ನು ಕೂರಿಸಿ ಈ ಜಾತಿಯ ಹಕ್ಕಿಗಳನ್ನು ಸಾವಿರಗಟ್ಟಲೆ ಹೊಡೆಸಿದ್ದರು.

ನಮ್ಮ ಸಾಹೇಬರಿಗೆ ಜೋಡು ನಳಿಗೆಯ ಬಂದೂಕು ಇತ್ತು, ಪರವಾನಗಿ ಇತ್ತು. ನನ್ನ ಗುರಿ ಚೆನ್ನಾಗಿತ್ತು ಅಂತ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅವತ್ತು ಒಂದು ಟೋಬಾದ ಹತ್ತಿರ ಕುಳಿತಿದ್ದೆವು. ಮಳೆ ನೀರು ನಿಲ್ಲುವ ಹೊಂಡಕ್ಕೆ ಅಲ್ಲಿ ಟೋಬಾ ಅನ್ನುತ್ತಾರೆ. ಹಕ್ಕಿ ಬಂದವು. ಕೆಲವು ಕುಡಿದ ತಕ್ಷಣ ಹಾರಿದವು. ಒಂದು ಮಾತ್ರ ನೀರಿನಲ್ಲೇ ಕುಳಿತಿತ್ತು. ಮೈ ಅಲ್ಲಾಡಿಸುತ್ತ ಕುಳಿತೇ ಇತ್ತು. ಅದು ಎದ್ದಾಗ ನಾನು ಹೊಡೆದೆ.

ಎತ್ತಿಕೊಂಡಾಗ ಅದರ ಮೈ ಇನ್ನೂ ಬಿಸಿ. ಆದರೆ ನನ್ನ ಅಂಗೈ ಒದ್ದೆಯಾಯಿತು. ರಕ್ತ ಅಂದುಕೊಂಡೆ, ನೀರು. ಬೆನ್ನು ಒಣಗಿತ್ತು, ಎದೆ ಮತ್ತು ಹೊಟ್ಟೆಯ ಪುಕ್ಕ ಮಾತ್ರ ನೆನೆದಿತ್ತು. ಹೆಬ್ಬೆರಳಿಂದ ಒತ್ತಿದರೆ ಸ್ಪಂಜಿನ ಹಾಗೆ ನೀರು ಇಳಿಯಿತು. ಪುಕ್ಕ ಬಿಡಿಸಿ ನೋಡಿದೆ, ಒಳಗಡೆ ಸಣ್ಣ ಸಣ್ಣ ಸುರುಳಿ ಎಳೆ, ಒಂದಕ್ಕೊಂದು ಹೆಣೆದುಕೊಂಡು ನೀರು ಹಿಡಿದಿದ್ದವು.

ಪಗಿ ಅಜ್ಜ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಗಂಡು ಹಕ್ಕಿ ಹೀಗೆ ಎದೆಯಲ್ಲಿ ನೀರು ಹೊತ್ತುಕೊಂಡು ಹೋಗುತ್ತದಂತೆ. ಮರಿಗಳು ಇನ್ನೂ ಹಾರಲಾರವು. ಅವು ಅಪ್ಪನ ಎದೆಯ ಕೆಳಗೆ ನುಗ್ಗಿ, ಪುಕ್ಕವನ್ನು ಕೊಕ್ಕಿನಲ್ಲಿ ಎಳೆದು ಕುಡಿಯುತ್ತವಂತೆ. ಅವರು ನನ್ನನ್ನು ಬೈಯಲಿಲ್ಲ. ಹಕ್ಕಿ ಬಂದ ದಿಕ್ಕಿನ ಕಡೆ ಕೈ ತೋರಿಸಿ, "ಅಲ್ಲಿ ಎಲ್ಲೋ ಕಾಯ್ತಿರುತ್ತವೆ" ಅಂದರು ಅಷ್ಟೇ. ಮಧ್ಯಾಹ್ನ ಲೂ ಬೀಸಲು ಶುರುವಾಯಿತು. ಬೆಂಕಿಯಂಥ ಗಾಳಿ ಅದು. ಡೇರೆಯೊಳಗೆ ಮಲಗಿ ನಾನು ನನ್ನ ನೀರಿನ ಬಾಟಲಿ ಮುಟ್ಟಲಿಲ್ಲ.

ಸೇನೆಯಲ್ಲಿದ್ದವನು ನಾನು, ಬಂದೂಕು ಬಿಡಲಿಲ್ಲ. ಯುದ್ಧವನ್ನೂ ನೋಡಿದೆ. ಆದರೆ ತಿನ್ನಲಿಕ್ಕಾಗಲಿ, ಆಟಕ್ಕಾಗಲಿ ಪ್ರಾಣಿ ಹಕ್ಕಿಗೆ ಆಮೇಲೆ ಈಡು ಹೊಡೆದಿಲ್ಲ. ರಜೆಗೆ ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ. ಅವರು ಬೇಟೆಯಲ್ಲೇ ಬೆಳೆದವರು, ನಾಯಿಗಳಿಗೂ ಸರಿಯಾಗಿ ಪಾಲು ಇಡುತ್ತಿದ್ದವರು. ಕೋಪ ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಸುಮ್ನೆ ಕೇಳಿಸಿಕೊಂಡು, "ನೀರಿಗೆ ಬಂದದ್ದನ್ನು ನಾವೂ ಹೊಡೆಯುತ್ತಿರಲಿಲ್ಲ" ಅಂದರು. ಆ ಮಾತನ್ನು ನನಗೆ ಮೊದಲೇ ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಗೆಳೆಯರು ಸೇರಿ ಡಿಸೆಂಬರ್‌ನಲ್ಲಿ ಜೈಸಲ್ಮೇರಿನ ಮರಳಿನಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತಿದ್ದೇವೆ. ಏನು ಒಯ್ಯಬೇಕು?
– ಓದುಗರೊಬ್ಬರು, ಮೈಸೂರು

ಬೆಚ್ಚಗಿನ ಬಟ್ಟೆ. ಮರಳುಗಾಡು ಅಂದರೆ ಸೆಕೆ ಅಂತ ತೆಳ್ಳನೆ ಅಂಗಿ ಹಾಕಿಕೊಂಡು ಹೋಗಿ ರಾತ್ರಿಯೆಲ್ಲ ನಡುಗಿದವರನ್ನು ನೋಡಿದ್ದೇನೆ. ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಡಿಸೆಂಬರ್ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಮಡಿಕೇರಿ ಚಳಿಯೇ ಮೇಲು ಅನಿಸುತ್ತದೆ.

ನೀರನ್ನು ಬಾಯಾರುವ ಮೊದಲೇ ಕುಡಿಯಿರಿ. ಉಳಿಸುತ್ತೇನೆ ಅಂತ ಬಾಟಲಿ ಹಿಡಿದು ತಲೆ ಸುತ್ತಿ ಬೀಳಬೇಡಿ. ನಡೆಯುವಾಗ ಗಾಳಿ ಬೀಸಿ ಬರುವ ಕಡೆಯ ಇಳಿಜಾರು ಹಿಡಿಯಿರಿ, ಅಲ್ಲಿ ಮರಳು ಗಟ್ಟಿ. ಆಚೆ ಬದಿಯಲ್ಲಿ ಮೊಣಕಾಲವರೆಗೆ ಹೂತುಹೋಗುತ್ತೀರಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ನಮ್ಮಲ್ಲಿ ಜಿಗಣೆ ನೋಡಿ ಹಾಕಿಕೊಳ್ಳುತ್ತೇವಲ್ಲ, ಅಲ್ಲಿ ಚೇಳು. ಮರಳಿನ ಮೇಲೆ ಓರೆ ಓರೆಯಾಗಿ ಗೀರು ಹಾಕಿದ ಹಾಗೆ ಸಾಲು ಕಂಡರೆ ಅದು ಗರಗಸ ಮಂಡಲ ಹಾವು ಹೋದ ದಾರಿ. ಚಳಿಗೆ ಅದು ಹೊರಗೆ ಬರುವುದು ಕಡಿಮೆ, ಆದರೂ ರಾತ್ರಿ ಟಾರ್ಚ್ ಇಲ್ಲದೆ ಕಾಲಿಡಬೇಡಿ. ಊಟಕ್ಕೆ ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ ಕೇಳಿ. ಸಾಂಗ್ರಿ ಅಂದರೆ ಆ ಬನ್ನಿ ಮರದ ಕಾಯಿ.

ಹಂದಿ ಕಾಟ ತಡೆಯಲಾಗುತ್ತಿಲ್ಲ. ನಮ್ಮ ಮನೆಯ ಬಂದೂಕಿಗೆ ಲೈಸೆನ್ಸ್ ವಿನಾಯಿತಿ ಇದೆ. ಹೊಡೆದರೆ ತಪ್ಪೇನು?
– ಬೆಳೆಗಾರರು, ಕುಶಾಲನಗರ

ನಿಮ್ಮ ಕಷ್ಟ ನನಗೂ ಇದೆ. ಹೋದ ವರ್ಷ ನನ್ನ ಗೆಣಸು ಒಂದೂ ಉಳಿಯಲಿಲ್ಲ. ಆದರೆ ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಹಂದಿಯೂ ಕಾಯಿದೆಯ ಒಳಗೇ ಇದೆ. ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಬೆಳೆ ಪರಿಹಾರ ಕೇಳಿ. ಉರುಳು ಮಾತ್ರ ಹಾಕಲೇಬೇಡಿ. ಹಂದಿಗೆ ಅಂತ ಹಾಕಿದ ತಂತಿಗೆ ಚಿರತೆ, ಹುಲಿ ಸಿಕ್ಕಿ ಸತ್ತದ್ದು ನಮ್ಮ ಜಿಲ್ಲೆಯಲ್ಲೇ ಇದೆ.

ಮರಳುಗಾಡಿನ ದೊಡ್ಡ ಹಕ್ಕಿ ಗೋಡಾವಣ್ ನೋಡಿದ್ದೀರಾ? ಮತ್ತೆ ಆ ಕಡೆ ಹೋಗಿದ್ದಿರಾ?
– ಓದುಗರೊಬ್ಬರು, ಪೊನ್ನಂಪೇಟೆ

ನೋಡಿದ್ದೇನೆ. 1969ರಲ್ಲಿ ಹುಲ್ಲಿನ ನಡುವೆ ಏಳು ಒಟ್ಟಿಗೆ ನಿಂತಿದ್ದವು, ಮೀಟರ್ ಎತ್ತರ, ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದವು. ನಮ್ಮ ಬಳ್ಳಾರಿಯ ಸಿರುಗುಪ್ಪದ ಕಡೆ ಎರೆಭೂತ ಅನ್ನುವುದು ಇದನ್ನೇ. ಈಗ ಕಾಡಿನಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ. ಬೇಟೆಗಾರರು ನಾವು ಒಂದಷ್ಟು ಮುಗಿಸಿದೆವು, ಹುಲ್ಲುಗಾವಲು ಹೋದದ್ದರಿಂದ ಒಂದಷ್ಟು ಹೋದವು, ಈಗ ಕರೆಂಟಿನ ತಂತಿಗೆ ಬಡಿದು ಸಾಯುತ್ತಿವೆ. ಅದಕ್ಕೆ ಮುಂದೆ ನೇರವಾಗಿ ಕಾಣುವುದು ಕಡಿಮೆ, ಮೈ ಭಾರ, ತಂತಿ ಕಂಡಾಗ ತಿರುಗಲು ಆಗುವುದಿಲ್ಲ. 2019ರಿಂದ ಜೈಸಲ್ಮೇರಿನ ಸಮ್‌ನಲ್ಲಿ ಮೊಟ್ಟೆ ತಂದು ಮರಿ ಮಾಡಿಸುತ್ತಿದ್ದಾರೆ. ಆ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ.

ಕೆಲವು ವರ್ಷದ ಹಿಂದೆ ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮೂರು ದಿನ ಸುತ್ತಿದೆವು, ಗೋಡಾವಣ್ ಕಾಣಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಟೋಬಾದ ಹತ್ತಿರ ಜೀಪ್ ನಿಲ್ಲಿಸಲು ಹೇಳಿದೆ. ಹಳೆಯ ಜಾಗವೇ ಅಂತ ಹೇಳಲಾರೆ, ಎಲ್ಲ ಹೊಂಡವೂ ಒಂದೇ ಥರ. ಎಂಟೂವರೆ ಹೊತ್ತಿಗೆ ಭಟ್ ತೀತರ್ ಬಂದವು. ಒಂದು ಗಂಡು ಹೊಟ್ಟೆಯವರೆಗೆ ನೀರಿಗಿಳಿದು ಕುಳಿತಿತು. ಮಗಳು ಬೈನಾಕ್ಯುಲರ್ ಕೊಡು ಅಂದಳು, ನಾನು ಕೊಡಲಿಲ್ಲ. ಅದು ಮೈ ಅಲ್ಲಾಡಿಸಿತು, ಮತ್ತೆ ಕುಳಿತಿತು, ಮತ್ತೆ ಅಲ್ಲಾಡಿಸಿತು. ಎದ್ದು ಹಾರಿದಾಗ ಎದೆಯಿಂದ ಎರಡು ಹನಿ ಬಿದ್ದವು. ಪಡುವಣ ದಿಕ್ಕಿಗೆ ಹೋಯಿತು. ಚುಕ್ಕೆಯಾಗಿ ಕಾಣದೆ ಹೋಗುವವರೆಗೂ ನೋಡಿ, ಆಮೇಲೆ ಬೈನಾಕ್ಯುಲರ್ ಅವಳ ಕೈಗೆ ಕೊಟ್ಟೆ.