ಅತ್ತೆಯನ್ನು ಬಿಡಿ, ಮಾರ್ಗದರ್ಶಕರಿಂದ ಉತ್ತರ ಪಡೆಯಿರಿ

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಕೆರಳಿಸಿತು. ಬರೆದವರು 34 ವರ್ಷದ ಸಂಶೋಧಕಿ. ಮದುವೆಯ ವಯಸ್ಸು, ಮಕ್ಕಳ ಸಂಖ್ಯೆ, ಯಾರು ಯಾರೊಡನೆ ವಾಸಿಸುತ್ತಾರೆ ಎಂಬುದೆಲ್ಲ ಕಾಲಕ್ರಮೇಣ ಹೇಗೆ ಬದಲಾಗುತ್ತದೆಂದು ಅಳೆಯುವ ಕೌಟುಂಬಿಕ ಜನಸಂಖ್ಯಾಶಾಸ್ತ್ರ ಅವರ ಕ್ಷೇತ್ರ. ಪಿಎಚ್‌ಡಿ ಮುಗಿದಂದಿನಿಂದ ವರ್ಷ ವರ್ಷವೂ ನವೀಕರಿಸಬೇಕಾದ ಗುತ್ತಿಗೆಯಲ್ಲಿದ್ದಾರೆ. ಮಗು ಬೇಕೆಂಬ ಆಸೆಯಿದೆ. ಕಾಯಂ ಹುದ್ದೆ ಸಿಗುವವರೆಗೆ ಕಾಯಬೇಕೋ, ಸಂಶೋಧನೆಯನ್ನೇ ಬಿಡಬೇಕೋ ಎಂಬುದು ಪ್ರಶ್ನೆ. ಪತ್ರದ ಮುಕ್ಕಾಲು ಪಾಲು ಅತ್ತೆಯ ಮೇಲಿನ ದೂರು.

ನೋಡಿ ಅಮ್ಮಾ, ‘ಊರಮಂದಿಯ ಮಕ್ಕಳನ್ನೆಲ್ಲ ಎಣಿಸ್ತೀಯ, ನಿನ್ನದು ಯಾವಾಗ?’ ಎಂದು ನಿಮ್ಮ ಅತ್ತೆ ಎಲ್ಲರೆದುರು ಕೇಳಿದ್ದು ಕಟುವಾಗಿತ್ತು, ಒಪ್ಪುತ್ತೇನೆ. ಆದರೆ ಅವರು ಮುಖಕ್ಕೆ ಮುಖ ಕೊಟ್ಟು ಕೇಳಿದರು. ನನ್ನ ಕಣ್ಣು ನಿಂತದ್ದು ಕೊನೆಯ ಪುಟದಲ್ಲಿ ನೀವು ಹಾಗೇ ದಾಟಿಹೋದ ಒಂದು ಸಾಲಿನ ಮೇಲೆ: ‘ಮೂರನೆಯ ಸುತ್ತಿನ ಸಮೀಕ್ಷೆ ಮುಗಿಯುವವರೆಗೆ ಬೇರೆ ಯೋಚನೆ ಬೇಡ ಎಂದು ಸರ್ ಹೇಳಿದ್ದಾರೆ.’ ಎರಡನೆಯ ಸುತ್ತಿನ ಹೊತ್ತಿಗೂ ಈ ಸರ್, ಅಂದರೆ ನಿಮ್ಮ ಮಾರ್ಗದರ್ಶಕರು, ಇದನ್ನೇ ಹೇಳಿದ್ದರೆಂಬುದು ಅದರ ಬಾಲದಲ್ಲಿದೆ.

ಅವವೇ ಕುಟುಂಬಗಳ ಬಾಗಿಲಿಗೆ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗುವ ಇಂಥ ಸಮೀಕ್ಷೆಗಳಿಗೆ, ಅನುದಾನ ಇರುವಷ್ಟು ಕಾಲ, ಮುಂದಿನ ಸುತ್ತೊಂದು ಇದ್ದೇ ಇರುತ್ತದೆ. ಮುಂದೂಡಿಕೆಯ ಲೆಕ್ಕ ನಿಮಗೆ ತಿಳಿಯದ್ದಲ್ಲ. ಹೆರಿಗೆಗಳು ಮುಂದಕ್ಕೆ ಹೋಗುತ್ತಿರುವ ವರ್ಷಗಳಲ್ಲಿ, ಆ ಪೀಳಿಗೆಯ ಹೆಂಗಸರು ಕೊನೆಗೆ ಹೆರುವ ಮಕ್ಕಳ ಸಂಖ್ಯೆ ಇಳಿಯದಿದ್ದರೂ, ಆಯಾ ವರ್ಷದ ಹೆರಿಗೆಗಳ ಲೆಕ್ಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಎಷ್ಟು ಮಕ್ಕಳೆಂದು ಹೇಳುವ ಒಟ್ಟು ಫಲವತ್ತತೆ ದರ ಕುಸಿದಂತೆ ಕಾಣುತ್ತದೆಂದು ಜನಸಂಖ್ಯಾಶಾಸ್ತ್ರಜ್ಞರಾದ ಜಾನ್ ಬೊಂಗಾರ್ಟ್ಸ್ ಮತ್ತು ಗ್ರಿಫಿತ್ ಫೀನಿ 1998ರಲ್ಲಿ ಅದಕ್ಕೊಂದು ತಿದ್ದುಪಡಿ ಸೂಚಿಸಿದರು. ಕೋಷ್ಟಕದಲ್ಲಿ ತಿದ್ದುಪಡಿ ಸಾಧ್ಯ, ದೇಹದಲ್ಲಿ ಅಲ್ಲ. 35 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಇನ್ನಷ್ಟು ಬೇಗ ಇಳಿಯುತ್ತದೆ. ಸರಾಸರಿ ನೋಡಿಕೊಂಡು ಬಾಳಬೇಡಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಬೇಸರವಿಲ್ಲದೆ ಮತ್ತೆ ಬರೆಯುತ್ತೇನೆ.

ಸಂಪತ್ತು ಕಿರಿಯರಿಂದ ಹಿರಿಯರತ್ತ ಹರಿಯುವ ಮನೆಗಳಿಗೆ ಹೆಚ್ಚು ಮಕ್ಕಳಿರುವುದೇ ಲಾಭವೆಂದು 1976ರಲ್ಲಿ ವಾದಿಸಿದವರು ಜನಸಂಖ್ಯಾಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್. ನಿಮ್ಮ ವಿಭಾಗವೂ ಅಂಥದೊಂದು ಮನೆ: ಪ್ರಶ್ನಾವಳಿ ನಿಮ್ಮದು, ಕೋಷ್ಟಕ ನಿಮ್ಮದು, ಪ್ರಬಂಧದಲ್ಲಿ ಶ್ರೇಯ ತರುವ ಮೊದಲ ಹೆಸರು ಮಾತ್ರ ಸರ್ ಅವರದು. ಇಂಥವರು ಶಿಷ್ಯರ ಸಂಖ್ಯೆ ಹೆಚ್ಚಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ, ಬಿಟ್ಟುಕೊಡಲು ಹಿಂಜರಿಯುವುದರಲ್ಲೂ ಇಲ್ಲ. ನಿಮ್ಮ ಕಾಯಂ ಹುದ್ದೆಯ ದಾರಿಗೆ ಅಡ್ಡವಾಗಿರುವುದು ಹುಟ್ಟದ ಮಗುವಲ್ಲ, ಈ ಹೆಸರಿನ ಕ್ರಮ. (‘ನಿನ್ನಿಷ್ಟ’ ಎಂದು ಕೈತೊಳೆದುಕೊಂಡ ನಿಮ್ಮ ಪತಿಯ ವಿಚಾರ ಇನ್ನೊಮ್ಮೆ ನೋಡೋಣ.)

ಸಂಶೋಧನೆ ಬಿಡಬೇಡಿ, ಅತ್ತೆಯೊಡನೆ ವಾದಕ್ಕೂ ಇಳಿಯಬೇಡಿ. ಮಾಡಬೇಕಾದ್ದು ಒಂದೇ: ನಿಮ್ಮ ಗುತ್ತಿಗೆ ಯಾವ ತಾರೀಖಿನವರೆಗೆ, ಮೂರನೆಯ ಸುತ್ತಿನ ಯಾವ ಯಾವ ಪ್ರಬಂಧಗಳಲ್ಲಿ ನಿಮ್ಮ ಹೆಸರು ಮೊದಲು ಬರುತ್ತದೆ ಎಂಬ ಎರಡೇ ಪ್ರಶ್ನೆಗಳನ್ನು ಈ ವಾರವೇ ಮಾರ್ಗದರ್ಶಕರಿಗೆ ಇಮೇಲ್ ಮಾಡಿ, ಲಿಖಿತ ಉತ್ತರ ಕೇಳಿ. ಮಗುವಿನ ಬಗ್ಗೆ ಅವರ ಅಭಿಪ್ರಾಯ ಕೇಳಬೇಡಿ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಅದೇ ಇಮೇಲನ್ನು ವಿಭಾಗದ ಮುಖ್ಯಸ್ಥರಿಗೂ ಕಳುಹಿಸಿ.