ಅಮೆರಿಕದಲ್ಲಿ ಇಬ್ಬರು ಹುಡುಗಿಯರ ಮದುವೆ: ಮಂಟಪ, ಊಟದವರಿಗೆ ಅಡ್ವಾನ್ಸ್ ಕೊಡೋ ಮುಂಚೆ ಹೇಳಬೇಕಾ, ಆಮೇಲಾ? ಒಪ್ಪದಿದ್ದರೆ ಕೇಸ್ ಹಾಕಬಹುದಾ?

ಮುಂಚೆ. ರೇಟ್ ಕೇಳುವ ಮೊದಲ ಇಮೇಲ್‌ನಲ್ಲೇ ಹೇಳಿ. "ಅಡ್ವಾನ್ಸ್ ತಗೊಂಡ ಮೇಲೆ ಅವರು ಹಿಂದೆ ಸರಿಯೋಕಾಗಲ್ಲ" ಅಂತ ಬರೆದಿದ್ದೀರಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಸರಿದರು. ದುಡ್ಡನ್ನೂ ಇಟ್ಟುಕೊಂಡರು.

ನಮ್ಮದು ಕೊಲರಾಡೋ, ಡೆನ್ವರ್ ಹತ್ತಿರ. ನನ್ನ ಹುಡುಗಿ ಅಮೆರಿಕದವಳು. ಆದರೂ ಬಾಳೆಕಂದು, ಮಾವಿನ ತೋರಣ, ಧಾರೆ ಮಂಟಪ ಎಲ್ಲಾ ಬೇಕು ಅಂತ ಹಠ ಹಿಡಿದವಳು ಅವಳೇ. ನಮ್ಮ ಕಡೆಯ ಮದುವೆಗಳಿಗೆ ಮಂಟಪ ಹಾಕುವ ಒಬ್ಬರು ಸಿಕ್ಕರು. ಅವರ ಫಾರ್ಮ್‌ನಲ್ಲಿ ವಧು, ವರ ಅಂತ ಎರಡೇ ಖಾನೆ. ವಧು ಅನ್ನುವಲ್ಲಿ ನನ್ನ ಹೆಸರು ಬರೆದೆ. ವರ ಅನ್ನುವಲ್ಲಿ ಅವಳ ಮೊಟಕು ಹೆಸರು. ಅದು ಗಂಡಸರ ಹೆಸರಿನ ಹಾಗೇ ಕೇಳುತ್ತದೆ.

ಸುಳ್ಳು ಬರೆದೆ ಅಂತ ಆಗ ಅನ್ನಿಸಲೇ ಇಲ್ಲ. ಹೆಸರು ಅವಳದೇ ತಾನೆ? ಖಾನೆ ಮಾಡಿಟ್ಟವರು ಅವರು. ಆಮೇಲೆ ಫೋನಲ್ಲಿ "ಹುಡುಗ ಕುದುರೆ ಮೇಲೆ ಬರ್ತಾರಾ?" ಅಂತ ಕೇಳಿದರು. "ನಮ್ಮ ಕಡೆ ಕುದುರೆ ಎಲ್ಲಾ ಇಲ್ಲ" ಅಂದೆ. ಕುದುರೆಯ ಬಗ್ಗೆ ಸತ್ಯ ಹೇಳಿದೆ, ಹುಡುಗನ ಬಗ್ಗೆ ಸುಮ್ಮನಾದೆ. ಮದುವೆ ಹತ್ತಿರ ಬಂದಾಗ ಬಾಗಿಲಲ್ಲಿ ಇಡುವ ಬೋರ್ಡಿಗೆ ಜೋಡಿ ಫೋಟೋ ಕೇಳಿದರು, ಕಳಿಸಿದೆ. ಮಾರನೇ ದಿನ ಕ್ಯಾನ್ಸಲ್.

ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಲ್ಲ ಅಂತ ಅವರು ಎಲ್ಲೂ ಬರೆಯಲಿಲ್ಲ. ಗ್ರಾಹಕರು ತಪ್ಪು ಮಾಹಿತಿ ಕೊಟ್ಟರೆ ರದ್ದು, ಅಡ್ವಾನ್ಸ್ ವಾಪಸ್ ಇಲ್ಲ ಅನ್ನುವ ಸಾಲು ಕರಾರಿನಲ್ಲಿತ್ತು. ಅದನ್ನೇ ತೋರಿಸಿದರು. ಕೆಳಗೆ ನನ್ನ ಸೈನ್. ಅವರ ತಾರತಮ್ಯಕ್ಕೆ ನೆಪ ಬರೆದುಕೊಟ್ಟವಳು ನಾನೇ! ಮೊದಲೇ ನಿಜ ಬರೆದಿದ್ದರೆ ಅವರು ಕೆಲಸ ಒಪ್ಪಿಕೊಳ್ಳಬೇಕಿತ್ತು, ಇಲ್ಲ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನಬೇಕಿತ್ತು, ಇಲ್ಲ "ಆ ದಿನ ಖಾಲಿ ಇಲ್ಲ" ಅಂತ ನುಣುಚಿಕೊಳ್ಳಬೇಕಿತ್ತು. ಮೂರರಲ್ಲಿ ಯಾವುದೇ ಆಗಿದ್ದರೂ ನನ್ನ ದುಡ್ಡು ಸುಮ್ಮನೆ ಹೋಗುತ್ತಿರಲಿಲ್ಲ. ವಕೀಲರು ಮೊದಲು ನೋಡಲು ಕೇಳಿದ್ದು ಆ ಫಾರ್ಮನ್ನೇ. ಓದಿ ಉಸ್ಸಪ್ಪಾ ಅಂದರು. ಅಷ್ಟರಲ್ಲಿ ರಾಜ್ಯದ ನಾಗರಿಕ ಹಕ್ಕು ವಿಭಾಗಕ್ಕೆ ದೂರು ಕೊಡುವ ಗಡುವೂ ಮುಗಿದಿತ್ತು. ಇಂಥ ದೂರಿಗೆ ಆಗ ಇದ್ದದ್ದು 60 ದಿನ ಅಷ್ಟೇ. ಆ ದಿನಗಳೆಲ್ಲ ಬೇರೆ ಮಂಟಪ ಹುಡುಕುವುದರಲ್ಲಿ ಹೋಗಿತ್ತು.

ಇನ್ನು ಕೇಸ್. ನೀವು ಯಾವ ರಾಜ್ಯ ಅಂತಲೇ ಬರೆದಿಲ್ಲ, ಎಲ್ಲಾ ನಿಂತಿರೋದು ಅದರ ಮೇಲೆ. 1964ರ ಕೇಂದ್ರ ಕಾನೂನು ಹೋಟೆಲು, ಥಿಯೇಟರುಗಳಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಭೇದ ಮಾಡಬಾರದು ಅನ್ನುತ್ತದೆ. ಸಲಿಂಗಿಗಳ ಮಾತು ಅದರಲ್ಲಿಲ್ಲ. 2015ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸರ್ಕಾರ ನಿಮಗೆ ಮದುವೆ ಲೈಸೆನ್ಸ್ ಕೊಡಲೇಬೇಕು, ಆದರೆ ಮದುವೆ ಹಾಲ್‌ ಮಾಲೀಕನಿಗೆ ಅದು ಅನ್ವಯಿಸಲ್ಲ. ಕೊಲರಾಡೋ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ವ್ಯಾಪಾರಿಗಳು ಸಲಿಂಗಿಗಳಿಗೆ ಭೇದ ಮಾಡಬಾರದು ಅನ್ನುವ ರಾಜ್ಯದ್ದೇ ಕಾನೂನು ಇದೆ. ಟೆಕ್ಸಾಸ್‌ನಲ್ಲಿ ರಾಜ್ಯಕ್ಕೆಲ್ಲ ಅನ್ವಯಿಸುವಂಥದ್ದು ಇಲ್ಲ.

"ಬೇಕರಿಯವನು ಗೆದ್ದನಲ್ಲ" ಅಂದಿದ್ದೀರಿ. ಅದು ನಮ್ಮ ಪಕ್ಕದ ಲೇಕ್‌ವುಡ್‌ನ ಕೇಸ್. 2012ರಲ್ಲಿ ಇಬ್ಬರು ಗಂಡಸರಿಗೆ ಮದುವೆ ಕೇಕ್ ಮಾಡಲ್ಲ ಅಂದಿದ್ದ. 2018ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಅವನ ಪರ ನಿಂತಿತು, ನಿಜ. ಆದರೆ ಕಾರಣ, ರಾಜ್ಯದ ಆಯೋಗ ಅವನ ಧರ್ಮದ ಬಗ್ಗೆ ಹಗುರವಾಗಿ ನಡೆದುಕೊಂಡಿತು ಅನ್ನೋದು. ಯಾರು ಬೇಕಾದರೂ ಬಾಗಿಲು ಹಾಕಬಹುದು ಅಂತ ಕೋರ್ಟ್ ಹೇಳಲಿಲ್ಲ. ನಮಗೆ ಜಾಸ್ತಿ ತೊಂದರೆ ಕೊಡೋದು 2023ರ ತೀರ್ಪು. ಅದೂ ಕೊಲರಾಡೋದ್ದೇ, 6–3. ತನಗೆ ಒಪ್ಪದ ಮಾತು ಹೇಳುವ ಮದುವೆ ವೆಬ್‌ಸೈಟ್ ಮಾಡು ಅಂತ ಡಿಸೈನರ್‌ಗೆ ಬಲವಂತ ಮಾಡುವ ಹಾಗಿಲ್ಲ ಅಂದಿತು. ಫೋಟೋ, ವಿಡಿಯೋದವರು ಇದನ್ನು ಹಿಡಿದುಕೊಳ್ಳಬಹುದು. ಕುರ್ಚಿ ಬಾಡಿಗೆಯವನು "ಇದು ನನ್ನ ಅಭಿವ್ಯಕ್ತಿ" ಅಂದರೆ ನಿಲ್ಲೋದು ಕಷ್ಟ. ಮಂಟಪದವರು ಹೂವಿನ ಅಲಂಕಾರ ಕಲೆ ಅಂತ ವಾದಿಸಿದರೆ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಮುಹೂರ್ತ ಕಾಯುತ್ತಾ?

ಅದಕ್ಕೇ ಮನಸ್ಸಿಲ್ಲದವರನ್ನು ಸಿಕ್ಕಿಸಿ ಕೆಲಸ ಮಾಡಿಸುವ ಯೋಚನೆ ಬಿಟ್ಟುಬಿಡಿ. ದೂರು ಕೊಡಿ, ಖಂಡಿತ ಕೊಡಿ, ಆದರೆ ಅವರು ಬೇಡ ಅಂದದ್ದು ಬರಹದಲ್ಲಿರಲಿ. ಫೋನಲ್ಲಿ ಅಂದರೆ "ನೀವು ಹೀಗೆ ಹೇಳಿದಿರಿ" ಅಂತ ಅವತ್ತೇ ಇಮೇಲ್ ಹಾಕಿ.

"ನಮ್ಮವರು ಹೇಗೂ ಒಪ್ಪಲ್ಲ" ಅನ್ನೋ ನಿಮ್ಮ ಮಾತನ್ನಂತೂ ನಾನು ಒಪ್ಪಲ್ಲ. ಊಟಕ್ಕೆ ಹಾಸನ ಕಡೆಯ ಒಬ್ಬ ಆಂಟಿಗೆ ಬರೆದೆ, ಈ ಸಲ ಮೊದಲ ಸಾಲಿನಲ್ಲೇ ಇಬ್ಬರೂ ಹುಡುಗಿಯರು ಅಂತ. "ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತಾ? ಎಷ್ಟು ಎಲೆ?" ಅಂತ ಉತ್ತರ ಬಂತು. ರೇಟ್‌ನಲ್ಲಿ ಮಾತ್ರ ಒಂದು ಡಾಲರೂ ಇಳಿಯಲಿಲ್ಲ, ಪುಣ್ಯಾತ್ಗಿತ್ತಿ.

ಪುರೋಹಿತರ ವಿಷಯ ಬೇರೆ. ಅವರನ್ನು ಯಾವ ರಾಜ್ಯದಲ್ಲೂ ಬಲವಂತ ಮಾಡೋಕಾಗಲ್ಲ, ಮಾಡಲೂಬಾರದು. ಕೇಳಿ ನೋಡಿ, ಆಗಲ್ಲ ಅಂದರೆ ನಮಸ್ಕಾರ ಮಾಡಿ ಇನ್ನೊಬ್ಬರನ್ನು ಕೇಳಿ.

ಈಗಾಗಲೇ ಏನಾದರೂ ಸೈನ್ ಮಾಡಿದ್ದರೆ, "ತಪ್ಪು ಮಾಹಿತಿ" ಅನ್ನುವ ಸಾಲು ಅದರಲ್ಲಿ ಇದೆಯಾ ಇವತ್ತೇ ನೋಡಿ. ಇದ್ದರೆ, ಮುಂದಿನ ಕಂತು ಕಟ್ಟುವ ಮೊದಲು ಅವರಿಗೆ ನಿಜ ಬರೆದು ಕಳಿಸಿ.